ಕಲ್ಗುಂಡಿಗೂ ಮನೆಗೂ ನಡುವೆ

22 ಆಗಸ್ಟ್ 1943, ಭಾನುವಾರ

ಮಗಳು ಉರುಕುಂದಮ್ಮನನ್ನು ಆಸ್ಪರಿಯಿಂದ ಕರೆತಂದೆ. ಚೊಚ್ಚಲ ಬಸುರಿ, ಏಳನೆಯ ತಿಂಗಳು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಬೀಗರೂ ಹೇಳಿದರು, ನಾವೂ ಹೇಳಿದೆವು. ಸ್ಟೇಷನ್ನಿನಿಂದ ಜಟಕಾದಲ್ಲಿ ಬರುವಾಗ ತೋಪಿನ ಹುಣಸೆ, ಬೇವಿನ ಗಿಡಗಳನ್ನು ಕಂಡು ಅವಳಿಗೆ ಖುಷಿಯಾಯಿತು. "ಆಸ್ಪರ್ಯಾಗ ನೆರಳು ಅಂದ್ರ ಛತ್ರಿ ಒಂದೇ ಅಪ್ಪಾ" ಎಂದಳು.

ಸಂಜೆ ಜಗುಲಿಯ ಮೇಲೆ ಅವ್ವನ ಜೊತೆ ಮಾತಾಡುತ್ತ ಕೂತವಳು ಕೈಕಾಲಿಗೆ ಕಡಿಯುವ ಸೊಳ್ಳೆ ಬಡಿಯುತ್ತ ಒಳಗೆ ಎದ್ದುಹೋದಳು.

ನಮ್ಮ ತೋಪು ಆದವಾನಿಯ ಹೊರಗೆ, ಬೆಟ್ಟದ ಬುಡದಲ್ಲಿದೆ. ನಮ್ಮಪ್ಪನ ಕಾಲದಲ್ಲಿ ಪ್ಲೇಗಿಗೆ ಹೆದರಿ ಊರು ಬಿಟ್ಟವರು ಗುಡಿಸಲು ಹಾಕಿದ ಜಾಗ. ಪ್ಲೇಗು ಹೋದ ಮೇಲೆ ನನ್ನಂಥ ಜಿನ್ನಿಂಗ್ ಫ್ಯಾಕ್ಟರಿಯ ಗುಮಾಸ್ತರು, ಹತ್ತಿ ದಲಾಲರು ಇಲ್ಲೇ ಮನೆ ಕಟ್ಟಿಕೊಂಡರು. ಇಲಿಗೆ ಹೆದರಿ ಬಂದವರು ಸೊಳ್ಳೆಯ ಕೈಗೆ ಸಿಕ್ಕೆವು.

ಹೋದ ವರ್ಷ ದೀಪಾವಳಿ ಹೊತ್ತಿಗೆ ಪಕ್ಕದ ಮನೆಯ ಆಂಜನೇಯನ ಹೆಂಡತಿ ಚಳಿಜ್ವರದಲ್ಲಿ ಹೋದಳು. ತುಂಬು ಗರ್ಭಿಣಿ. ಚಳಿಜ್ವರದ ಮದ್ದು ಕ್ವಿನೈನ್ ಬರುತ್ತಿದ್ದುದು ಜಾವಾದಿಂದ; ಅದು ಜಪಾನಿನವರ ಪಾಲಾದ ಮೇಲೆ ಪೋಸ್ಟಾಫೀಸಿನಲ್ಲಿ ಪೊಟ್ಟಣ ಸಿಗುವುದು ನಿಂತಿದೆ. ನಿನ್ನೆ ಮತ್ತೆ ಹೋಗಿ ಕೇಳಿದೆ. ಪೋಸ್ಟ್‌ಮಾಸ್ತರರು ತಲೆ ಅಲ್ಲಾಡಿಸಿದರು. ಮಗಳ ಹೆರಿಗೆ ಆಗುವತನಕ ಅವಳಿಗೆ ಜ್ವರ ತಗಲದಂತೆ ನೋಡಿಕೊಂಡರೆ ಸಾಕು, ಬೇರೇನೂ ಬೇಡ.

ಪತ್ರಿಕೆಯಲ್ಲಿ ಕಲ್ಕತ್ತೆಯ ಬೀದಿಗಳ ಸುದ್ದಿ. ಗಂಜಿ ಕೇಳುತ್ತ ಬಿದ್ದವರು, ಬಿದ್ದಲ್ಲೇ ಸತ್ತವರು. ಓದಿದ ಮೇಲೆ ರೊಟ್ಟಿ ಬಿಟ್ಟು ಎದ್ದೆ.

26 ಆಗಸ್ಟ್

ಸಂಜೆ ದೊಡ್ಡ ಬೇವಿನ ಗಿಡದ ಕೆಳಗೆ ತೋಪಿನವರೆಲ್ಲ ಸೇರಿದೆವು. ಸೊಳ್ಳೆ ಸಾಯಲೆಂದು ನಿಂತ ನೀರಿಗೆ ಎಣ್ಣೆ ಹೊಯ್ಯುವ ಮುನಿಸಿಪಾಲಿಟಿಯ ಗಾಡಿ ಊರ ಗಡಿಕಲ್ಲಿನವರೆಗೆ ಬಂದು ತಿರುಗಿ ಹೋಗುತ್ತದೆ. ತೋಪು ಅವರಿಗೆ ಸೇರಿದ್ದಲ್ಲ. ನಮ್ಮ ಕೆಲಸ ನಾವೇ ಮಾಡಿಕೊಳ್ಳಬೇಕು ಎಂದೆ. ಗುಂಡಿ ಮುಚ್ಚುವುದು, ಬಚ್ಚಲ ನೀರಿಗೆ ಕಾಲುವೆ ತೋಡುವುದು, ಹಂಡೆ ಬಾನಿಗಳ ಬಾಯಿಗೆ ಬಟ್ಟೆ ಕಟ್ಟುವುದು, ದೀಪ ಹಚ್ಚುವ ಹೊತ್ತಿಗೆ ಬಾಗಿಲು ಹಾಕುವುದು. ಎಲ್ಲ ಪತ್ರಿಕೆಯಲ್ಲಿ ಓದಿ ತಿಳಿದದ್ದು.

ಎದುರು ಮನೆಯ ಹತ್ತಿ ದಲಾಲಿ ಹೊನ್ನೂರಪ್ಪ ನಕ್ಕ. "ಭೀಮಲಿಂಗಪ್ಪ ಬಾವಾ, ಹಿಟ್ಲರ್‍ನ ಮ್ಯಾಲೆ ಹೋಗಾಕ ವಯಸ್ಸು ಮೀರೈತಿ ಅಂತ ಸೊಳ್ಳಿ ಮ್ಯಾಲೆ ದಂಡು ಕಟ್ಟೀಯೇನು? ಆಗ್ಲಿ, ನೀನ ನಮ್ಮ ಕಲೆಕ್ಟರು. ಏಳ್ರಿ, ಎಲ್ಲಾರೂ ಸಲಾಂ ಹೊಡೀರಿ."

ಎಲ್ಲರೂ ನಕ್ಕರು. ಮುಖಂಡತನ ನನ್ನ ತಲೆಗೇ ಬಂತು. ಸೀಮೆಎಣ್ಣೆಗೆ ಕಂಟ್ರೋಲು, ದೀಪಕ್ಕೇ ಸಾಲದು, ನೀರಿನ ಮೇಲೆ ಹೊಯ್ಯಲು ಎಲ್ಲಿಂದ ತರುವುದು?

ಮನೆಗೆ ಬಂದಾಗ ಕುರುಬರ ಗಂಗಕ್ಕ ಮೆಟ್ಟಿಲ ಮೇಲೆ ಕೂತಿದ್ದಳು, ಮಡಿಲಲ್ಲಿ ಕೂಸು. ಆಕೆಯ ಗಂಡ ಕೆಂಚಣ್ಣ ಪ್ರತಿ ಮಳೆಗಾಲ ತೋಪಿನ ಆಚೆ ಅಂಚಿನಲ್ಲಿ ಕುರಿಹಟ್ಟಿ ಹಾಕುತ್ತಾನೆ. ಮಳೆ ಬಿದ್ದರೆ ಎರೆಹೊಲಗಳು ಕೆಸರಾಗಿ ಕುರಿಯ ಗೊರಸು ಕೊಳೆಯುತ್ತದೆ. ಬೆಟ್ಟದ ಬುಡದ ಮರಡಿ ನೆಲದಲ್ಲಿ ನೀರು ನಿಲ್ಲದು. ನಾವು ಮನೆ ಕಟ್ಟುವ ಮೊದಲೇ ಅವನ ಅಪ್ಪನೂ ಅಲ್ಲೇ ಹಟ್ಟಿ ಹಾಕುತ್ತಿದ್ದ. ಒಳ್ಳೆಯ ಜನ.

ಗಂಗಕ್ಕ ಒಂದು ಚೊಂಬು ಕುರಿಹಾಲು ತಂದಿದ್ದಳು. "ಕುಡಿ ತಂಗೀ, ಮೂಗು ಮುರೀಬ್ಯಾಡ. ಈ ಜಂಬ ಹೊಟ್ಟ್ಯಾಗಿದ್ದಾಗ ನಾ ಇದನ್ನ ಕುಡದೀನಿ, ಹೆಂಗ ಆಗ್ಯಾನ ನೋಡು."

"ಕುರಿಹಾಲು ಕುಡದ್ರ ಕೂಸು ಹುಟ್ಟಿದ ಕೂಡ್ಲೆ ಬ್ಯಾ ಅಂತೈತೇನೋ" ಎಂದಳು ಉರುಕುಂದಮ್ಮ.

"ಅಂದ್ರ ಅನ್ಲಿ ಬಿಡು. ಅತ್ತಿ ಮನಿಯಾಗ ಹೇಳು, ನಾ ಮರಿ ಹಾಕೀನಿ ಅಂತ."

ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

5 ಸೆಪ್ಟೆಂಬರ್, ಭಾನುವಾರ

ಕೆಲಸ ಸಾಗಿದೆ. ಗುಂಡಿಗಳು ಮುಚ್ಚಿದವು. ಕಾಲುವೆ ತೋಡಲು ಕೆಂಚಣ್ಣನೂ ಗುದ್ದಲಿ ಹಿಡಿದು ಬಂದಿದ್ದ. ಈಗ ಭಾನುವಾರ ಬೆಳಿಗ್ಗೆ ನಾನು ಮನೆಮನೆಯ ಹಿತ್ತಲು ನೋಡಿ ಬರುತ್ತೇನೆ.

ಆಂಜನೇಯನ ಹಿತ್ತಲಲ್ಲಿ ಒಂದು ದೊಡ್ಡ ಮಣ್ಣಿನ ಬಾನಿ. ತುಂಬ ಹುಳ ಕುಣಿಯುವ ಹಳೆಯ ಮಳೆನೀರು. ಚೆಲ್ಲಲು ಹೋದ ವಾರವೂ ಹೇಳಿದ್ದೆ. "ಆಕಿ ಇಟ್ಟಿದ್ದು ರೀ ಅದು. ಆಕಿ ಹೋದ ಮ್ಯಾಲೆ ಮುಟ್ಟಿಲ್ಲ" ಎಂದ. ಬಗ್ಗಿಸಲು ಹೋದೆ, ಮಣ್ಣಲ್ಲಿ ಹೂತಿತ್ತು, ಬರಲಿಲ್ಲ. ಕಲ್ಲು ತಂದು ಒಡೆದೆ. ಆಂಜನೇಯ ಚೂರುಗಳನ್ನು ಒಂದೊಂದಾಗಿ ಆರಿಸಿದ.

ನಿಯಮ ಎಲ್ಲರಿಗೂ ಒಂದೇ ಇರಬೇಕು. ಆದರೂ ಒಡೆಯುತ್ತೇನೆಂದು ಮೊದಲು ಒಂದು ಮಾತು ಹೇಳಬಹುದಿತ್ತು ಎಂದು ನನ್ನ ಹೆಂಡತಿ ಲಿಂಗಕ್ಕ ಅಂದಳು. ಹೇಳಬಹುದಿತ್ತು.

8 ಸೆಪ್ಟೆಂಬರ್

ಹೊನ್ನೂರಪ್ಪ ಸಂಜೆ ಕೈ ಹಿಡಿದು ಹಟ್ಟಿಯ ಕಡೆ ಎಳೆದುಕೊಂಡು ಹೋದ. "ಬಾವಾ, ಮನಿಮನಿ ಹಂಡೇದಾಗ ಯಾಕ ಹುಡುಕ್ತಿ? ಚೂಡು, ಇಲ್ಲಿ ಐತಿ ನೋಡು ಸೊಳ್ಳಿ ರಾಜಧಾನಿ."

ಅವನು ಹೇಳಿದ್ದು ನಿಜ. ಮುಳ್ಳುಬೇಲಿಯ ಒಳಗೆ ಕುರಿಗಳು ಒತ್ತಾಗಿ ಮಲಗಿದ್ದವು. ಅವುಗಳ ಮೇಲೆ ಸೊಳ್ಳೆ ಹೊಗೆಯ ಹಾಗೆ ಎದ್ದಿತ್ತು. ಕಿವಿ, ಮೂಗು, ಕಣ್ಣಿನ ಸುತ್ತ ಕರ್ರಗೆ ಕೂತಿದ್ದವು. ಒಂದು ಕುರಿಯ ಕಿವಿ ಮೇಲೆ ಕೈಯಿಟ್ಟೆ, ಅಂಗೈ ರಕ್ತವಾಯಿತು. ನೆಲವೆಲ್ಲ ಹಿಕ್ಕೆ, ಗಂಜಲ. ಗಂಗಕ್ಕ ಆ ವಾಸನೆಯಲ್ಲೇ ಕಂಬಳಿ ಗುಡಾರದ ಮುಂದೆ ಮುದ್ದೆ ತಿರುವುತ್ತಿದ್ದಳು.

ಹಟ್ಟಿಯ ಆಚೆ ಕಲ್ಗುಂಡಿ. ರೈಲು ರಸ್ತೆಗೆ ಕಲ್ಲು ಒಡೆದ ಆ ಆಳವಾದ ಗುಂಡಿಯಲ್ಲಿ ಈಗ ಮಳೆನೀರು ತುಂಬಿ ಗಾಜಿನಂತೆ ತಿಳಿಯಾಗಿದೆ. ಹೆಂಗಸರು ಅಲ್ಲಿ ಬಟ್ಟೆ ಒಗೆಯುತ್ತಾರೆ. ಅಷ್ಟು ಶುದ್ಧ ನೀರು ಮತ್ತು ಇಷ್ಟು ಗಲೀಜು, ಎರಡೂ ಅಕ್ಕಪಕ್ಕ. ಸೊಳ್ಳೆ ಎಲ್ಲಿ ಹುಟ್ಟುತ್ತದೆ ಎಂದು ಇನ್ನು ಯಾರನ್ನೂ ಕೇಳಬೇಕಾಗಿಲ್ಲ.

11 ಸೆಪ್ಟೆಂಬರ್

ಹಟ್ಟಿ ಎತ್ತು ಎಂದು ಕೆಂಚಣ್ಣನಿಗೆ ಹೇಳಿದೆ. ಅವನು ಮರಿಯೊಂದರ ಗೊರಸು ಕೆರೆಯುತ್ತಿದ್ದ.

"ಮಳಿ ನಿಂದ್ರೋತನ ಬಿಡ್ರಿ ಯಪ್ಪಾ. ದೀಪಾವಳಿ ಆದ ಮ್ಯಾಲೆ ನಾವಾಗೇ ಹೋಗ್ತೀವಿ. ಈಗ ಎರಿ ನೆಲದಾಗ ಹೋದ್ರ ಕಾಲುಬ್ಯಾನಿ ಬಂದು ಕುರಿ ಕುಂತಲ್ಲೇ ಕುಂದರ್ತಾವ."

"ನನ್ನ ಮಗಳ ಜೀವದ ಮಾತು ಕೆಂಚಣ್ಣ."

"ಆಕಿ ನನಗೂ ತಂಗಿನೇ ರೀ. ನನ್ನ ಕುರಿ ಆಕಿಗೇನು ಮಾಡ್ಯಾವ?"

ಗಂಗಕ್ಕ ನಡುವೆ ಬಾಯಿ ಹಾಕಿದಳು. "ಅಪ್ಪಾರೆ, ಸೊಳ್ಳಿ ನಮ್ಮನ್ನೂ ಕಡೀತಾವ. ನಾವೇನು ಅವನ್ನ ಸಾಕೀವೇನು? ಸಾಕಿದ್ರ ಅವುಗಳ ಉಣ್ಣೆ ಕತ್ತರಿಸಿ ಮಾರ್ತಿದ್ದೆ."

ನಗು ಬರಲಿಲ್ಲ. ತೋಪಿನ ಗಿಡಗಳ ಯಜಮಾನರಾದ ಸಾಹುಕಾರರಿಗೆ ಹಟ್ಟಿ ತೆಗೆಸಿ ಎಂದು ಎಲ್ಲರ ರುಜು ಹಾಕಿಸಿ ಅರ್ಜಿ ಕೊಟ್ಟೆ. ಆಂಜನೇಯ ಮಾತ್ರ ರುಜು ಹಾಕಲಿಲ್ಲ.

15 ಸೆಪ್ಟೆಂಬರ್

ಹೋದರು. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಗಂಗಕ್ಕ, ಕೆಂಚಣ್ಣ ಹಿಂಡು ಹೊಡೆದುಕೊಂಡು ಹೋಗುವುದನ್ನು ಉರುಕುಂದಮ್ಮ ಕಿಟಕಿಯಲ್ಲಿ ನಿಂತು ನೋಡಿದಳು. ಊಟಕ್ಕೆ ಬಾ ಎಂದರೆ ಹಸಿವಿಲ್ಲ ಎಂದಳು.

19 ಸೆಪ್ಟೆಂಬರ್, ಭಾನುವಾರ

ಹಟ್ಟಿಯ ಮುಳ್ಳು, ಹಿಕ್ಕೆ ಎಲ್ಲ ಗುಡ್ಡೆ ಹಾಕಿ ಸುಟ್ಟೆವು. ನೆಲ ಕೆತ್ತಿ ಸುಣ್ಣ ಚೆಲ್ಲಿದೆವು. ತೋಪು ಗುಡಿಯ ಅಂಗಳದಂತಾಗಿದೆ. ಹೊನ್ನೂರಪ್ಪ ಬೆಲ್ಲ ಹಂಚಿದ.

29 ಸೆಪ್ಟೆಂಬರ್

ಸೊಳ್ಳೆ ಹೆಚ್ಚಾಗಿವೆ. ಮೊದಲು ಸಂಜೆ ಹೊರಗೆ ಕೂತರೆ ಮಾತ್ರ ಕಡಿಯುತ್ತಿದ್ದವು. ಈಗ ಒಳಗೆ, ಗೋಡೆಯ ಮೇಲೆ, ಒಲೆಯ ಹಿಂದಿನ ಕತ್ತಲಲ್ಲಿ, ದೇವರ ಗೂಡಿನಲ್ಲಿ. ಬೇವಿನ ಸೊಪ್ಪಿನ ಹೊಗೆ ಹಾಕಿದರೆ ನಮಗೆ ಕೆಮ್ಮು, ಅವಕ್ಕೆ ಏನೂ ಇಲ್ಲ.

ಹೊನ್ನೂರಪ್ಪನ ಮನೆಯಲ್ಲಿ ಅವನ ತಾಯಿಗೂ ತಮ್ಮನಿಗೂ ಚಳಿಜ್ವರ.

ಹಟ್ಟಿ ಇದ್ದ ಜಾಗವನ್ನು ಎರಡು ಸಲ ಹೋಗಿ ನೋಡಿದೆ. ಅಲ್ಲಿ ಏನೂ ಇಲ್ಲ.

4 ಅಕ್ಟೋಬರ್

ಲಿಂಗಕ್ಕನಿಗೆ ಜ್ವರ. ಹಲ್ಲು ಕಟಕಟ ಎನ್ನುತ್ತದೆ. ಉರುಕುಂದಮ್ಮ ತನ್ನ ಕೌದಿಯನ್ನೂ ತಂದು ಹೊದಿಸಿದಳು. ಅವ್ವನ ಹತ್ತಿರ ಹೋಗಬೇಡ ಎಂದು ಅವಳ ಮೇಲೆ ಕೂಗಾಡಿದೆ.

7 ಅಕ್ಟೋಬರ್

ಬಳ್ಳಾರಿಗೆ ನಾನು ಬರೆದ ಮೂರನೆಯ ಅರ್ಜಿಗೆ ಅಲ್ಲಿಂದ ಮಲೇರಿಯಾ ಇನ್ಸ್‌ಪೆಕ್ಟರು ಬಂದರು. ತೆಲುಗಿನವರು, ಮಿತಭಾಷಿ. ಮನೆಯೊಳಗೆ ಗಾಜಿನ ಕೊಳವೆಯಲ್ಲಿ ಸೊಳ್ಳೆ ಹಿಡಿದರು. ನಂತರ ನೇರ ಕಲ್ಗುಂಡಿಗೆ ಹೋಗಿ ಸೌಟಿನಿಂದ ಆ ತಿಳಿನೀರು ಮೊಗೆದು ನನ್ನ ಮುಂದೆ ಹಿಡಿದರು. ನೀರಿನ ಮೈಗೆ ಅಂಟಿಕೊಂಡಂತೆ ಅಡ್ಡಡ್ಡ ಮಲಗಿದ್ದ ಹುಳಗಳು. ಇದೇ ಜ್ವರದ ಸೊಳ್ಳೆಯ ಮರಿ, ಇದಕ್ಕೆ ಶುದ್ಧ ನೀರೇ ಬೇಕು, ಬಚ್ಚಲ ನೀರಿನದು ಬೇರೆ ಜಾತಿ ಎಂದರು. ಗುಂಡಿಗೆ ಹಾಕಲು ಎಣ್ಣೆಯಿಲ್ಲ, ಎಲ್ಲ ದಂಡಿಗೆ ಹೋಗುತ್ತಿದೆ. ಹುಳ ತಿನ್ನುವ ಮೀನು ತರಿಸಲು ಬರೆಯುತ್ತೇನೆ, ಬರುವ ವರ್ಷ ಬರಬಹುದು ಎಂದರು.

ನಾವು ಮಾಡಿದ ಕೆಲಸವನ್ನೆಲ್ಲ ಹೇಳಿದೆ. ಕುರಿಹಟ್ಟಿ ತೆಗೆಸಿದ್ದನ್ನು ಹೇಳಿದಾಗ ಅವರು ಕೊಳವೆಗಳನ್ನು ಪೆಟ್ಟಿಗೆಯಲ್ಲಿ ಇಡುವುದನ್ನು ನಿಲ್ಲಿಸಿದರು.

"ಹಟ್ಟಿ ಎಲ್ಲಿತ್ತು?"

"ಇಲ್ಲೇ. ಈ ಗುಂಡಿಗೂ ನಮ್ಮ ಮನೆಗಳಿಗೂ ನಡುವೆ."

"ಎಂಥ ಕೆಲಸ ಮಾಡಿದಿರಿ. ಈ ಜಾತಿ ಸೊಳ್ಳೆಗೆ ಮನುಷ್ಯರ ರಕ್ತಕ್ಕಿಂತ ದನ ಕುರಿ ರಕ್ತ ಇಷ್ಟ. ಗುಂಡಿಯಿಂದ ಎದ್ದು ಬಂದದ್ದು ಅಲ್ಲೇ ಹೊಟ್ಟೆ ತುಂಬಿಸಿಕೊಂಡು ನಿಲ್ಲುತ್ತಿತ್ತು. ನೀವು ಅನ್ನದ ತಟ್ಟೆ ಎತ್ತಿಬಿಟ್ಟಿರಿ. ಅವು ಮನೆಗೆ ಬಂದವು."

ಉರುಕುಂದಮ್ಮನ ವಿಷಯ ಹೇಳಿದೆ. ಹೊರಡುವಾಗ ತಮ್ಮ ಪೆಟ್ಟಿಗೆಯಿಂದ ಒಂದು ಚಿಕ್ಕ ಸೀಸೆ ಕ್ವಿನೈನ್ ಗುಳಿಗೆ ಕೊಟ್ಟರು. ಯಾರಿಗೂ ಹೇಳಬೇಡಿ, ಎಲ್ಲರಿಗೂ ಸಾಲದು ಎಂದರು.

ಲಿಂಗಕ್ಕನಿಗೆ ಅದರಲ್ಲಿ ಅರ್ಧ ಕೊಟ್ಟರೆ ಸಾಕಾದೀತು.

10 ಅಕ್ಟೋಬರ್, ಭಾನುವಾರ

ಬಾಡಿಗೆ ಬಂಡಿ ಮಾಡಿಕೊಂಡು ನಂದವರಂ ದಾರಿ ಹಿಡಿದು ಕೆಂಚಣ್ಣನನ್ನು ಹುಡುಕಿದೆ. ಹತ್ತಿಹೊಲದ ಬದುವಿನ ಮೇಲೆ ಇದ್ದ. ಸುತ್ತ ಕರಿ ಕೆಸರು. ಕುರಿಗಳು ಮೊಣಕಾಲೂರಿ ಮೇಯುತ್ತಿದ್ದವು; ಎಷ್ಟೋ ಏಳಲಾರದೆ ಬಿದ್ದಿದ್ದವು. ಕೊಳೆತ ಗೊರಸಿನ ವಾಸನೆ. ಹಿಂಡು ಅರ್ಧಕ್ಕರ್ಧ ಕರಗಿದೆ.

"ತೋಪಿಗೆ ಬಾ ಕೆಂಚಣ್ಣ" ಎಂದೆ. "ಈ ಸಲ ಯಾರೂ ಏನೂ ಅನ್ನೋದಿಲ್ಲ. ಸಾಹುಕಾರರ ಹತ್ರ ಮಾತಾಡೀನಿ. ಫ್ಯಾಕ್ಟರಿಯಿಂದ ಹತ್ತಿಕಾಳು ಕೊಡಸ್ತೀನಿ, ಕುರಿ ಚೇತರಿಸ್ಕೊಳ್ತಾವ."

ಅವನು ನನ್ನ ಮುಖ ನೋಡಿದ. ಆಮೇಲೆ ಕೆಸರಲ್ಲೇ ಬಗ್ಗಿ ಕಾಲು ಮುಟ್ಟಿದ. "ನೀವು ನಮ್ಮನ್ನ ಮರೀಲಿಲ್ಲ ಯಪ್ಪಾ."

ಗಂಗಕ್ಕ ಮಾತ್ರ "ಸೊಳ್ಳಿ ಹೋದ್ವೇನ್ರಿ ಅಪ್ಪಾರೆ?" ಎಂದಳು.

"ಕಡಿಮಿ ಆಗ್ಯಾವ" ಎಂದೆ.

ಅದೊಂದು ಮಾತು ಸರಿಯಲ್ಲ. ಉಳಿದದ್ದರಲ್ಲಿ ಸುಳ್ಳಿಲ್ಲ. ಕುರಿಗಳಿಗೂ ಒಳ್ಳೆಯದು, ನಮಗೂ ಒಳ್ಳೆಯದು.

13 ಅಕ್ಟೋಬರ್

ಬಂದರು. ಹಟ್ಟಿಯನ್ನು ಹಳೆಯ ಜಾಗಕ್ಕಿಂತ ಕಲ್ಗುಂಡಿಯ ದಡಕ್ಕೆ ಹತ್ತಿರ ಹಾಕಿಸಿದೆ. ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿ, ಗುಡಾರ ಎಲ್ಲಿ ಬರಬೇಕೆಂದೂ ಹೇಳಿದೆ. ಕುರುಬರು ಹಿಂಡಿನ ಜೊತೆಗೇ ಮಲಗುವವರು, ಅಭ್ಯಾಸವಿದೆ.

ಹೊನ್ನೂರಪ್ಪನಿಗೆ ವಿಷಯ ಹೇಳಿದೆ, ಯಾರಿಗೂ ಆಡಬೇಡ ಎಂದೆ. "ಕುರೀನ್ನ ಕಡೀತಾವ, ಸರಿ. ಕುರುಬರನ್ನ?" ಎಂದ.

"ಅವರು ಯಾವಾಗ್ಲೂ ಅಲ್ಲೇ ಮಲಗ್ತಿದ್ರಲ್ಲ."

"ಹಿಂಡು ಆಗ ದೊಡ್ಡದಿತ್ತು ಬಾವಾ" ಎಂದು ಹೇಳಿ ಬೀಡಿ ಹಚ್ಚಿದ.

22 ಅಕ್ಟೋಬರ್

ಫಲ ಕಾಣುತ್ತಿದೆ. ಬೆಳಿಗ್ಗೆ ಗೋಡೆ ನೋಡಿದರೆ ಅಲ್ಲೊಂದು ಇಲ್ಲೊಂದು. ಲಿಂಗಕ್ಕ ಎದ್ದು ಅಡಿಗೆ ಮಾಡುತ್ತಿದ್ದಾಳೆ. ಉರುಕುಂದಮ್ಮ ಚೆನ್ನಾಗಿದ್ದಾಳೆ. ಸೂಲಗಿತ್ತಿ ದಸ್ತಗಿರಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿ, "ತಲಿ ಕೆಳಗಾಗೈತಿ, ಇನ್ನ ಹೆಚ್ಚು ದಿನ ಇಲ್ಲವ್ವ" ಎಂದಳು.

ಗಂಗಕ್ಕ ದಿನವೂ ಬಂದು ಮಗಳ ಕಾಲು ಒತ್ತಿ ಹೋಗುತ್ತಾಳೆ. ಹಗಲು ಹೊತ್ತು ಬಂದರೆ ಅಡ್ಡಿಯಿಲ್ಲ.

ಪತ್ರಿಕೆಯಲ್ಲಿ ಬಂಗಾಳದ್ದೇ ಸುದ್ದಿ. ಹತ್ತಿಯ ಧಾರಣೆ ಒಳಪುಟಕ್ಕೆ ಹೋಗಿದೆ, ಹುಡುಕಬೇಕಾಯಿತು.

29 ಅಕ್ಟೋಬರ್

ನಿನ್ನೆ ದೀಪಾವಳಿ. ಎಣ್ಣೆಯಿಲ್ಲದೆ ದೀಪ ಕಡಿಮೆ. ಗಂಗಕ್ಕ ಹಬ್ಬಕ್ಕೂ ಬರಲಿಲ್ಲ. ಇಂದು ಬೆಳಿಗ್ಗೆ ಕೆಂಚಣ್ಣ ಬಂದು ಅಂಗಳದಲ್ಲಿ ನಿಂತ.

"ಆಕಿಗೆ ಮೂರು ದಿನದಿಂದ ಚಳಿ ರೀ. ಮಧ್ಯಾಹ್ನ ಆದ್ರ ಮೈ ಕೆಂಡ ಆಗ್ತೈತಿ. ಬಳ್ಳಾರಿ ಸಾಹೇಬ್ರು ಏನೋ ಗುಳಿಗಿ ಕೊಟ್ಟಾರ ಅಂತ ಅವ್ವಾರು ಅಂದಿದ್ರು."

"ಇತ್ತು. ಲಿಂಗಕ್ಕನ ಜ್ವರಕ್ಕೇ ಖರ್ಚಾತು."

ಉಳಿದ ಅರ್ಧ ಸೀಸೆ ಅಲಮಾರಿಯಲ್ಲಿದೆ. ಉರುಕುಂದಮ್ಮನಿಗೆ ಜ್ವರ ಬಂದರೆ ಅದಲ್ಲದೆ ಬೇರೆ ಗತಿಯಿಲ್ಲ. ಇದೆ ಎಂದು ಹೇಳಿ ಕೊಡದಿರುವುದಕ್ಕಿಂತ ಇಲ್ಲ ಎನ್ನುವುದೇ ಅವನಿಗೂ ಕಡಿಮೆ ನೋವು.

3 ನವೆಂಬರ್

ಮಧ್ಯಾಹ್ನ ಗಂಡು ಮಗು. ತಾಯಿ ಮಗು ಕ್ಷೇಮ. ದಸ್ತಗಿರಮ್ಮ ಹೊರಗೆ ಬಂದು ಹೇಳಿದಳು. ಆಸ್ಪರಿಗೆ ತಂತಿ ಕೊಟ್ಟೆ.

9 ನವೆಂಬರ್

ಸೀಸೆಯಲ್ಲಿ ಗುಳಿಗೆ ಕಡಿಮೆಯಾಗಿವೆ. ಲಿಂಗಕ್ಕನನ್ನು ಕೇಳಿದೆ. "ಗಂಗಕ್ಕಗ ಕೊಟ್ಟೆ. ಏನೀಗ?" ಎಂದಳು. ಬಾಣಂತಿಗೆ ಇನ್ನೂ ಅಪಾಯ ಮುಗಿದಿಲ್ಲ ಎಂಬುದು ಅವಳಿಗೆ ತಿಳಿಯುತ್ತಿಲ್ಲ. ಅಲಮಾರಿಗೆ ಬೀಗ ಹಾಕಿ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ.

14 ನವೆಂಬರ್, ಭಾನುವಾರ

ಬೆಳಗಿನ ಜಾವ ಗಂಗಕ್ಕ ತೀರಿಕೊಂಡಳು. ನಾನೂ ಹೊನ್ನೂರಪ್ಪನೂ ಮಣ್ಣಿಗೆ ಹೋಗಿ ಬಂದೆವು. ಆಂಜನೇಯ ಹೆಗಲು ಕೊಟ್ಟ.

ಸಂಜೆ ಮನೆಯ ಗೋಡೆ ನೋಡಿದೆ. ಸೊಳ್ಳೆ ಇಲ್ಲ.

17 ನವೆಂಬರ್

ಕೆಂಚಣ್ಣ ಗುಡಾರ ಬಿಚ್ಚುತ್ತಿದ್ದಾನೆಂದು ಕೇಳಿ ಓಡಿದೆ. ಅವನಿಗೂ ಜ್ವರ, ಕಣ್ಣು ಹಳದಿ. ಕೂಸು ಜಂಬನನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿದ್ದ.

"ನೆಲ ಒಣಗೈತಿ ಯಪ್ಪಾ. ಇನ್ನ ಎಲ್ಲಾದ್ರೂ ಹೋಗಬಹುದು. ಇಲ್ಲಿ ಇರಾಕ ಮನಸ್ಸಿಲ್ಲ."

ನಮ್ಮ ಮೊಮ್ಮಗನಿಗೆ ಇನ್ನೂ ತಿಂಗಳಾಗಿಲ್ಲ. ಕಲ್ಗುಂಡಿಯ ನೀರು ಇಳಿಯಲು ಇನ್ನೂ ಕಾಲವಿದೆ. "ಈ ಮೈಯಾಗ ಎಲ್ಲಿ ಹೋಗ್ತಿ? ಸಂಕ್ರಾಂತಿ ಆಗ್ಲಿ. ಹತ್ತಿಕಾಳು ಮತ್ತ ಕೊಡಸ್ತೀನಿ" ಎಂದೆ. "ಕೂಸಿಗೆ ಹಾಲು? ನನ್ನ ಮಗಳು ಅದಾಳ." ಆ ಮಾತು ಯೋಚಿಸಿ ಆಡಿದ್ದಲ್ಲ. ಆದರೆ ಅದರಿಂದಲೇ ನಿಂತ. ಬಿಚ್ಚಿದ ಹಗ್ಗ ಮತ್ತೆ ಕಟ್ಟಿದ. ಗೂಟ ಹೊಡೆಯಲು ನಾನೂ ಕೈ ಹಾಕಿದೆ.

28 ನವೆಂಬರ್, ಭಾನುವಾರ

ಉರುಕುಂದಮ್ಮ ಜಂಬನಿಗೂ ಮೊಲೆ ಕೊಡುತ್ತಿದ್ದಾಳೆ. ನಾನು ಹಗಲು ಮಾತ್ರ ಎಂದುಕೊಂಡಿದ್ದೆ. ಕೂಸು ಈಗ ಬಾಣಂತಿ ಕೋಣೆಯಲ್ಲೇ ಮಲಗುತ್ತದೆ. ಕುರುಬರ ಕೂಸೆಂದು ನನಗೆ ಬೇಸರವಿಲ್ಲ, ಅಂಥ ಮನುಷ್ಯ ನಾನಲ್ಲ. ಅದಕ್ಕೆ ದಿನ ಬಿಟ್ಟು ದಿನ ಮೈ ಬಿಸಿಯಾಗುತ್ತದೆ, ಅಷ್ಟೇ.

ಇಂದು ಹೊನ್ನೂರಪ್ಪ ನನ್ನ ಮೊಮ್ಮಗನನ್ನು ನೋಡಲು ಬಂದ. ಬಾಯಿ ಸುಮ್ಮನಿರಲಾರದು. "ನೋಡವ್ವ ಉರುಕುಂದಿ, ದೇವ್ರಿಗೆ ಎಡಿ ಇಡೋರನ್ನ ಕಂಡೀನಿ. ನಿಮ್ಮಪ್ಪ ಸೊಳ್ಳಿಗೆ ಎಡಿ ಇಟ್ಟು ನಿನ್ನ ಉಳಿಸ್ಕೊಂಡ. ಇಡೀ ತೋಪು ಆ ಎಡಿ ಹಿಂದ ನಿದ್ದಿ ಮಾಡೈತಿ, ನಾನೂ ಸೇರಿ."

"ಏನು ಎಡಿ ಮಾವಾ?" ಎಂದಳು.

ಅವನು ಕೆಮ್ಮಿದ. ನನ್ನ ಕಡೆ ನೋಡಿದ. ಆದರೂ ಹೇಳಿದ. ಕುರಿಯ ಮಾತು, ಇನ್ಸ್‌ಪೆಕ್ಟರ ಮಾತು, ಎಲ್ಲ. ಅವಳು ಎದೆಗಿಟ್ಟುಕೊಂಡ ಜಂಬನ ತಲೆ ಸವರುತ್ತ ಕೇಳಿದಳು. ಅಷ್ಟು ಶಾಂತವಾಗಿ ತೆಗೆದುಕೊಂಡಳಲ್ಲ ಎಂದು ಸಮಾಧಾನವಾಯಿತು.

5 ಡಿಸೆಂಬರ್, ಭಾನುವಾರ

ಜಂಬನಿಗೆ ಬೆಳಿಗ್ಗೆ ಮತ್ತೆ ಚಳಿ. ಜ್ವರದವರನ್ನು ಕಡಿದ ಸೊಳ್ಳೆಯೇ ಮುಂದೆ ಜ್ವರ ಹಂಚುತ್ತದೆ, ಇದು ಪತ್ರಿಕೆಯಲ್ಲೂ ಬಂದಿದೆ. ಜ್ವರದ ಕೂಸು ಎಳೆಮಗುವಿನ ಮಗ್ಗುಲಲ್ಲಿ ಇರಬಾರದು. ಇದರಲ್ಲಿ ಮನಸ್ತಾಪಕ್ಕೆ ಏನಿದೆ? ಸಮಾಧಾನವಾಗಿಯೇ ಹೇಳಿದೆ.

"ಎಲ್ಲಿ ಬಿಡಬೇಕಪ್ಪಾ ಇದನ್ನ?"

"ಅವರಪ್ಪನ ಹತ್ರ."

"ಅವರಪ್ಪ ಹಾಸಿಗಿ ಹಿಡದಾನ. ಕುರಿಗೆ ನೀರು ಇಡಾಕೂ ಏಳವಲ್ಲ."

"ಹಗಲು ತರಸ್ಕೊಂಡು ಹಾಲು ಕುಡಸು. ಯಾರು ಬ್ಯಾಡಂದ್ರು? ಸಂಜಿಗೆ ಕಳಿಸು."

"ಸಂಜಿಗೆ" ಎಂದಳು. "ಸೊಳ್ಳಿ ಏಳೋ ಹೊತ್ತಿಗೆ."

ಅವಳು ಎದ್ದು ಒಂದು ಕೂಸನ್ನು ಎದೆಗೆ, ಇನ್ನೊಂದನ್ನು ಹೆಗಲಿಗೆ ಹಾಕಿಕೊಂಡಳು. ಎಲ್ಲಿಗೆ ಎಂದೆ. "ಇದು ಎಲ್ಲಿ ಮಲಗ್ತೈತೋ ಅಲ್ಲಿ. ನನ್ನ ಕೂಸೇನು ಬ್ಯಾರೇನಪ್ಪಾ? ಅದರ ಅವ್ವನ್ನ ನಾನು ಉಂಡೀನಿ" ಎಂದಳು. ಬಾಣಂತಿ ಹೊತ್ತು ಮೀರಿ ಹೊರಗೆ ಹೋಗಬಾರದು ಎಂದೆ. ಬಾಗಿಲಿಗೆ ಅಡ್ಡ ನಿಂತೆ. ಲಿಂಗಕ್ಕ ಬಂದು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಹೀಗೆ ಮಾಡಿರಲಿಲ್ಲ.

ಲಿಂಗಕ್ಕ ಕೌದಿಗಳನ್ನು ಸುತ್ತಿದಳು, ಅಗ್ಗಿಷ್ಟಿಕೆ ಎತ್ತಿಕೊಂಡಳು. ಆಮೇಲೆ ನನ್ನ ಮುಂದೆ ಕೈ ಚಾಚಿದಳು. "ಬೀಗದ ಕೈ ಕೊಡ್ರಿ."

ಕೊಡಲಿಲ್ಲ. ಇರುವುದು ಕೆಲವೇ ಗುಳಿಗೆ, ಮನೆಯವರಿಗೆ ಬೇಕಾದೀತು.

ಇಬ್ಬರೂ ಗಿಡಗಳ ನಡುವೆ ಹಟ್ಟಿಯ ಕಡೆ ನಡೆದರು. ಹೊನ್ನೂರಪ್ಪ ಜಗುಲಿಯ ಮೇಲಿದ್ದ, ಎದ್ದು ಒಳಗೆ ಹೋದ. ಆಂಜನೇಯ ಒಂದು ಕೊಡ ನೀರು ಹೊತ್ತು ಅವರ ಹಿಂದೆ ಹೋದ.

ಈಗ ದೀಪ ಹಚ್ಚುವ ಹೊತ್ತು. ಕಲ್ಗುಂಡಿಯ ಕಡೆ ಹೊಗೆ ಏಳುತ್ತಿದೆ, ಬೇವಿನ ಸೊಪ್ಪು ಹಾಕಿರಬೇಕು. ಕೂಸಿನ ಅಳು ಕೇಳಿಸಿತು. ನಮ್ಮದೋ ಜಂಬನದೋ ತಿಳಿಯಲಿಲ್ಲ. ನಿಯಮದಂತೆ ಬಾಗಿಲು ಕಿಟಕಿ ಹಾಕಿದೆ. ಲಾಟೀನು ಹಿಡಿದು ಪಡಸಾಲೆ, ಅಡಿಗೆಮನೆ, ಬಾಣಂತಿ ಕೋಣೆ ಎಲ್ಲ ಗೋಡೆಗೋಡೆಯಾಗಿ ನೋಡಿದೆ.

ಮನೆಯಲ್ಲಿ ಒಂದು ಸೊಳ್ಳೆಯೂ ಇಲ್ಲ.